ಅಂಗೈ ಮೇಲಿನ ಊಟ

ತೂಕದ ಯಂತ್ರದ ಮುಳ್ಳು ಹದಿಮೂರೂವರೆ ಕಿಲೋಗೆ ಬಂದು ನಿಂತಿತು. ಮೂರು ತಿಂಗಳ ಹಿಂದೆಯೂ ಅದು ಅಲ್ಲೇ ನಿಂತಿತ್ತು. ಕ್ಲಿನಿಕ್ಕಿನ ನರ್ಸಮ್ಮ ಕನ್ನಡಕದ ಮೇಲಿಂದ ಮಗುವಿನ ತಾಯಿಯನ್ನು ನೋಡಿದಳು.

"ನಾಲ್ಕೂವರೆ ವರ್ಷ ಆಯ್ತಲ್ಲಮ್ಮ ಇದಕ್ಕೆ. ಒಂದು ತಿಂಗಳು ನೋಡ್ತೀನಿ. ಅರ್ಧ ಕಿಲೋನಾದ್ರೂ ಏರ್ಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಅಲ್ಲಿ ಸೇರಿಸ್ಕೊಂಡು ಸೂಜಿ ಚುಚ್ಚಿ ಎಲ್ಲ ಪರೀಕ್ಷೆ ಮಾಡ್ತಾರೆ. ಅದಿರ್ಲಿ, ಮನೇಲಿ ನೀವು ಏನು ತಿಂತೀರಿ?"

"ನಾನಿಲ್ಲಿ ತೂಕಕ್ಕೆ ಬಂದಿಲ್ಲ, ನರ್ಸಮ್ಮ" ಎಂದವಳೇ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಟುಬಿಟ್ಟಳು.

ಸಿಟ್ಟು ಬರದೆ ಇನ್ನೇನು ಬರುತ್ತದೆ? ಅವಳು ನೂಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಒಂಬತ್ತು ವರ್ಷದಿಂದ ದಿನಕ್ಕೆ ಮುನ್ನೂರು ಜನರ ಹೊಟ್ಟೆ ತುಂಬಿಸಿದ ಕೈ ಅದು. ಆ ಕೈಗೆ ತನ್ನ ಚೋಟುದ್ದದ ಮಗಳಿಗೆ ಒಂದು ತುತ್ತು ತಿನ್ನಿಸಲು ಆಗುತ್ತಿಲ್ಲ ಎಂದರೆ ಯಾರ ಮುಂದೆ ಹೇಳಿಕೊಳ್ಳುವುದು? ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅತ್ತೆ ಬಾಯಿ ಬಿಟ್ಟು ಅಂದಿರಲಿಲ್ಲ, ಅಷ್ಟೇ.

ಮಾರನೆಯ ದಿನದಿಂದ ಯುದ್ಧ ಶುರುವಾಯಿತು. ಮೊಟ್ಟೆ ಬೇಯಿಸಿದಳು, ಆಲೂಗಡ್ಡೆ ಹಿಸುಕಿ ಬೆಣ್ಣೆ ಹಾಕಿದಳು, ಅನ್ನವನ್ನು ಬಟ್ಟಲಿಗೆ ಒತ್ತಿ ಗೋಪುರ ಮಾಡಿದಳು. ಮಗಳು ಕುರ್ಚಿಯ ಮೇಲೆ ನಿಂತುಕೊಂಡೇ ಎಡಗೈ ಚಾಚುತ್ತಿದ್ದಳು. ಅಂಗೈ ಮೇಲೆ ಒಂದು ಚೂರು ಬಿದ್ದರೆ ನೆಕ್ಕಿ, ಕಣ್ಣು ಮುಚ್ಚಿ, ತಲೆ ಆಡಿಸುತ್ತಿದ್ದಳು.

"ಉಪ್ಪು ಸರಿಯಿದೆ. ಹುಳಿ ಒಂಚೂರು ಮುಂದಿದೆ." ಇಷ್ಟು ಹೇಳಿ ಕುರ್ಚಿಯಿಂದ ಇಳಿದು ಹೋಗುವಳು. ಅಲ್ಲಿಗೆ ಊಟ ಮುಗಿಯಿತು!

"ಹುಳೀನೇ ಹಾಕಿಲ್ಲ ಕಣೇ ಅದಕ್ಕೆ!" ಎಂದು ತಾಯಿ ಸೌಟು ಹಿಡಿದು ಮನೆಯೆಲ್ಲ ಅಟ್ಟಾಡಿಸುವಳು. ರಾತ್ರಿ ಪಾಳಿಯ ಕಾವಲುಗಾರನಾದ ಗಂಡ ಮುಸುಕು ಹೊದ್ದು ಮಗ್ಗುಲು ಬದಲಿಸುವನು. ಅತ್ತೆ ಮಾತ್ರ ಬಾಗಿಲ ಬಳಿಯ ತಮ್ಮ ಕುರ್ಚಿಯಿಂದ ಏಳದೆ, "ತಾಯಿಯಂತೆ ಮಗಳು" ಎನ್ನುವರು.

"ಮುಂದಿನದೂ ಗೊತ್ತು ಅತ್ತೆ, ನೂಲಿನಂತೆ ಸೀರೆ. ನಾನೇನು ಉಪವಾಸ ಇರ್ತೀನಾ?"

"ನೀನು ಕೂತು ಉಂಡಿದ್ದು ಯಾವಾಗ, ಹೇಳು ನೋಡೋಣ."

ಬೆಳಿಗ್ಗೆಯಿಂದ ಹತ್ತಾರು ಹಂಡೆಗಳ ರುಚಿಯನ್ನು ಎಡ ಅಂಗೈ ಮೇಲೆ ನೋಡಿ ನೋಡಿ, ಮಧ್ಯಾಹ್ನದ ಹೊತ್ತಿಗೆ ಅನ್ನದ ವಾಸನೆಗೇ ಅವಳ ಹೊಟ್ಟೆ ತೊಳಸುತ್ತಿತ್ತು. ನಿಂತಲ್ಲೇ ಒಂದು ಲೋಟ ಕಪ್ಪು ಕಾಫಿ, ಸಂಜೆ ಮನೆಯಲ್ಲಿ ಸಿಂಕಿನ ಪಕ್ಕ ಒಂದು ತುಂಡು ಬ್ರೆಡ್ಡು. ಅದನ್ನು ಅತ್ತೆಗೆ ಹೇಳಿ ಸೋಲುವುದುಂಟೇ?

ಹತ್ತು ದಿನ ಕಳೆಯಿತು. ಬಾಲವಾಡಿ ಬಿಟ್ಟ ಮೇಲೆ ಮಗಳು ಕ್ಯಾಂಟೀನಿನ ಅಡುಗೆಮನೆಯಲ್ಲೇ, ಬೋರಲು ಹಾಕಿದ ತರಕಾರಿ ಕ್ರೇಟಿನ ಮೇಲೆ ಕೂರುತ್ತಿದ್ದಳು. ತರಕಾರಿ ಹೆಚ್ಚುವಾಕೆ ಅವಳಿಗೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟಿದ್ದಳು. ಹಂಡೆ ಇಳಿದಾಗಲೆಲ್ಲ ಇನ್ಸ್‌ಪೆಕ್ಟರ್ ಅಂಗೈ ಚಾಚುತ್ತಿದ್ದಳು, ತೀರ್ಪು ಕೊಡುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ತಾಯಿಯೂ ನಕ್ಕವಳೇ. ಆ ದಿನ ಮಾತ್ರ ಕುಂಬಳಕಾಯಿ ಸೂಪಿಗೆ ಅಂಗೈ ಬಂದದ್ದೇ ತಡ, ಅವಳಿಗೆ ತಲೆ ಕೆಟ್ಟುಹೋಯಿತು.

"ಬಟ್ಟಲಲ್ಲಿ ತಿನ್ನೋಕೆ ನಿಂಗೇನು ರೋಗ? ಅಲ್ಲಿ ನೋಡು, ಅವರೆಲ್ಲ ತಿಂತಿಲ್ವಾ?" ಎಂದು ಬಡಿಸುವ ಕಿಟಕಿಯ ಕಡೆ ಸೌಟು ತೋರಿಸಿದಳು. ಆಚೆ ಊಟದ ಹಾಲ್‌ನಲ್ಲಿ ಬೆಂಚುಗಳ ತುಂಬ ಕೆಲಸಗಾರರು ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಮಗಳಿಗೆ ತಾಯಿಯ ದಡ್ಡತನ ಕಂಡು ಬೇಸರವೇ ಆಯಿತು. "ಅಯ್ಯೋ ಅಮ್ಮ, ತಿನ್ನೋದು ಕಿಟಕಿ ಆಚೆಯವರು. ನಾವು ಅಡುಗೆಯವರಲ್ವಾ? ನಾವು ರುಚಿ ನೋಡ್ತೀವಿ, ಅಷ್ಟೇ."

ತರಕಾರಿಯಾಕೆ ನಗಲು ಬಾಯಿ ತೆರೆದವಳು ತಾಯಿಯ ಮುಖ ನೋಡಿ ಮುಚ್ಚಿಕೊಂಡಳು. ಮಗು ಹಟ ಮಾಡುತ್ತಿರಲಿಲ್ಲ. ಅಮ್ಮನ ಕೆಲಸವನ್ನು ಅಚ್ಚುಕಟ್ಟಾಗಿ ಕಲಿತಿತ್ತು.

ತಾಯಿ ಏಪ್ರನ್ ಬಿಚ್ಚಿ ಮೊಳೆಗೆ ಎಸೆದಳು. ಮಗಳ ಕೈ ಹಿಡಿದು ಪಕ್ಕದ ಬಾಗಿಲಿನಿಂದ ಹಾಲ್‌ಗೆ ಹೋಗಿ ಎಲ್ಲರ ಹಾಗೆ ಸಾಲಿನಲ್ಲಿ ನಿಂತಳು. ತನ್ನದೇ ಕಿಟಕಿಯಲ್ಲಿ ಎರಡು ಬಟ್ಟಲು ಸೂಪು ಇಸಿದುಕೊಂಡು ಬೆಂಚಿನ ಮೇಲೆ ಕೂತಳು. ಮೊದಲ ಚಮಚ ಗಂಟಲಲ್ಲಿ ಇಳಿಯಲೊಲ್ಲದು. ಎರಡನೆಯದೂ ಅಷ್ಟೇ. ನಾಲ್ಕನೆಯದರ ಹೊತ್ತಿಗೆ ಇನ್ನೊಂದು ಗ್ರಹಚಾರ ತಿಳಿಯಿತು: ಅಂಗೈ ಮೇಲೆ ಹದವಾಗಿರುವ ಉಪ್ಪು ಬಟ್ಟಲು ತುಂಬ ತಿಂದರೆ ಜಾಸ್ತಿ. ಒಂಬತ್ತು ವರ್ಷ ಈ ಮುನ್ನೂರು ಜನ ಇದನ್ನು ತಿಂದು, ನೀರು ಕುಡಿದು, ತೆಪ್ಪಗೆ ಎದ್ದು ಹೋಗಿದ್ದಾರೆ! ಯಾರಾದರೂ ಒಬ್ಬರು ಬಾಯಿ ಬಿಡಬಾರದಿತ್ತೇ?

ಮಗಳು ಪಿಳಿಪಿಳಿ ನೋಡುತ್ತಿದ್ದಳು. ಅಮ್ಮನ ಚಮಚ ಬಾಯಿಗೆ ಹೋದರೆ ಅವಳದೂ ಹೋಯಿತು. ಅಮ್ಮ ನಿಲ್ಲಿಸಿದರೆ ಅವಳೂ ನಿಲ್ಲಿಸಿದಳು. ಅರ್ಧ ಬಟ್ಟಲಿಗೆ ಬಂದಾಗ ಕಿಟಕಿಯಿಂದ ತರಕಾರಿಯಾಕೆ ಸೌಟು ಚಾಚಿದಳು.

"ಅಕ್ಕಾ, ಎರಡನೇ ಹಂಡೆ ಇಳೀತು. ಬಂದು ಉಪ್ಪು ನೋಡಿ."

ಒಂಬತ್ತು ವರ್ಷದ ಅಭ್ಯಾಸ, ಸೊಂಟ ತಾನಾಗಿ ಮೇಲೆದ್ದಿತು. ಪಕ್ಕದಲ್ಲಿ ಮಗಳೂ ಚಮಚ ಇಟ್ಟು, ಬೆಂಚಿನಿಂದ ಜಾರಿ, ಎಡಗೈ ಸಿದ್ಧ ಮಾಡಿಕೊಂಡು ನಿಂತಿದ್ದಳು. ಆ ಪುಟ್ಟ ಅಂಗೈ ನೋಡಿ ತಾಯಿಗೆ ಅಳು ಬಂತು. ಅಳುವಷ್ಟು ಪುರುಸೊತ್ತಿರಲಿಲ್ಲ. ಧೊಪ್ಪನೆ ಮತ್ತೆ ಬೆಂಚಿನ ಮೇಲೆ ಕೂತಳು.

"ನೀನೇ ನೋಡ್ಕೋ! ನಾನು ಉಣ್ತಾ ಇದೀನಿ, ಕಾಣಲ್ವಾ?" ಎಂದು ಇಡೀ ಹಾಲ್ ತಿರುಗಿ ನೋಡುವಂತೆ ಗದರಿದಳು. ಮಗಳು ಮತ್ತೆ ಬೆಂಚು ಹತ್ತಿದಳು.

ಅಲ್ಲಿಂದ ಒಂದು ದಿನವೂ ತಪ್ಪಲಿಲ್ಲ. ಮಧ್ಯಾಹ್ನ ಬೆಂಚು, ಸಂಜೆ ಮನೆಯ ಮೇಜು. ಬೇಡದಿದ್ದರೂ ಕೂತಳು, ಬೈದುಕೊಂಡು ತಿಂದಳು. ಹಂಡೆಗೆ ಹಾಕುವ ಉಪ್ಪು ಒಂದು ಹಿಡಿ ಕಡಿಮೆಯಾಯಿತು.

ತಿಂಗಳಾದ ಮೇಲೆ ಮುಳ್ಳು ಹದಿನಾಲ್ಕು ದಾಟಿ ನಿಂತಿತು. ನರ್ಸಮ್ಮ ಎರಡು ಸಲ ಬಗ್ಗಿ ನೋಡಿದಳು.

"ಪರವಾಗಿಲ್ಲವೇ! ಏನು ತಿನ್ನಿಸಿದ್ರಿ ಇವಳಿಗೆ?"

ಒಪ್ಪಿಕೊಳ್ಳಬೇಕಲ್ಲ ಎಂದು ತಾಯಿಗೆ ಇನ್ನೊಮ್ಮೆ ಸಿಟ್ಟು ಬಂತು.

"ಇವಳಿಗೇನೂ ತಿನ್ನಿಸಲಿಲ್ಲ" ಎಂದಳು. "ನಾನು ಕೂತು ಉಂಡೆ."