ಫೋಟೊಗಾಗಿ ಬಾಗಿದ ಫಿಯಟ್

ಬೆಳಗಾವಿಯ ಬಟ್ಟೆ ವ್ಯಾಪಾರಿ ಗುರುಪುತ್ರಪ್ಪನವರು ತಮ್ಮ ಹಳೆಯ ಫಿಯಟ್ ಕಾರನ್ನು ಕನ್ನಡಿಯಂತೆ ಹೊಳೆಯಿಸುತ್ತಿದ್ದರು. ಬಗ್ಗಿ ಅದರ ತಳ ನೋಡುವ ಸಣ್ಣತನ ಅವರಲ್ಲಿರಲಿಲ್ಲ. ಒಂದು ದಿನ ಹಿಂಡಲಗಾ ರಸ್ತೆಯಲ್ಲಿ ಹೆಂಡತಿ ಗಂಗಾದೇವಿಯವರ ಚಪ್ಪಲಿ ಕಾರಿನ ತಳ ತೂರಿ ಕೆಳಗೆ ಬಿತ್ತು.

"ಇನ್ನ ಪೆಟ್ರೋಲ್ ಬ್ಯಾಡ್ರಿ," ಎಂದರು ಆಕೆ. "ಇಬ್ಬರೂ ಕಾಲ ಹೊರಗ ಹಾಕಿ ನಡಕೋತ ಹೋಗೂಣು."

ಹೀಗೆ ಕಾರು ಖಾನಾಪುರದ ಬೀರೇಶನ ಗ್ಯಾರೇಜು ಸೇರಿತು. ಬೀರೇಶ ಒಳ್ಳೆಯ ವೆಲ್ಡರ್. ಆ ಮಾತನ್ನು ಬೇರೆಯವರು ಹೇಳಲು ಅವನೆಂದೂ ಅವಕಾಶ ಕೊಟ್ಟವನಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗಿ ಕಾರಿನ ಭಾರ ಹೊರುವ ಉಕ್ಕಿನ ಪಟ್ಟಿಗಳು ತುಕ್ಕು ಹಿಡಿದು ಹಪ್ಪಳವಾಗಿದ್ದವು. ಕಾರು ನಡುವೆ ಬಾಗದಿರಲೆಂದು ಅವನು ಬಾಗಿಲಿನ ಜಾಗಗಳಿಗೆ ಅಡ್ಡ ಸರಳು ಬೆಸೆದು, ಆಮೇಲೆ ಆ ಪಟ್ಟಿಗಳನ್ನು ಕತ್ತರಿಸಿ ತೆಗೆದ.

ಸರಿಯಾಗಿ ಆಗಲೇ, ಹೆಂಡತಿಯೊಡನೆ ಕೆಲಸ ನೋಡಲು ಬಂದ ಗುರುಪುತ್ರಪ್ಪನವರಿಗೆ ಸ್ಟೇರಿಂಗ್ ಹಿಡಿದು ಕುಳಿತ ಫೋಟೊ ಬೇಕೆನಿಸಿತು. ಹಳೆ ಕಾರುಗಳ ಸಂಘದವರು ನೋಡಬೇಡವೇ?

"ಸರಳ ಅಡ್ಡ ಅದಾವ್ರಿ ಸಾಹೇಬ್ರ, ಒಳಗ ಹೋಗಾಕ ಬರೂದಿಲ್ಲ," ಎಂದ ಬೀರೇಶ.

"ಒಂದ ಕಡೀವು ತಗಿಯೋ. ಫೋಟೊದಾಗ ನೀನೂ ಬಾಜು ನಿಂದ್ರು."

ಇಷ್ಟು ಗಟ್ಟಿಯಾದ ತಾಂತ್ರಿಕ ಕಾರಣ ಬೀರೇಶನಿಗೆ ಸಾಕಾಯಿತು. ತಲೆ ಬಾಚಿಕೊಂಡು ಬಂದು ಬಲಗಡೆಯ ಸರಳುಗಳನ್ನು ಕತ್ತರಿಸಿದ. ಗುರುಪುತ್ರಪ್ಪನವರು ತಮ್ಮ ತೂಕದ ಸಮೇತ ಒಳಗೆ ಕುಳಿತು ಬಾಗಿಲೆಳೆದುಕೊಂಡರು. ಕಾರು ಕರ್ರೆಂದು ನಡುವೆ ಕುಸಿಯಿತು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಕಿಟಕಿಯಿಂದ ಅವರ ತಲೆ, ಒಂದು ಭುಜ ಮಾತ್ರ ಹೊರಬಂದವು.

"ನಗಬ್ಯಾಡ, ಗಂಗಾ."

"ನಗಾಕತ್ತಿಲ್ರಿ. ಫೋಟೊ ತಗ್ಯಾಕತ್ತೇನಿ."

ಬೀರೇಶ ಬೆವರುತ್ತ ಕಾರಿನ ನಡುವಿಗೆ ಮರದ ದಿಮ್ಮಿ ಕೊಟ್ಟು, ಒಡೆಯರ ಸಮೇತ ಜ್ಯಾಕಿನಿಂದ ಇಷ್ಟಿಷ್ಟೇ ಎತ್ತತೊಡಗಿದ. ಗಂಗಾದೇವಿ ಕಿಟಕಿಯಲ್ಲಿ ಚಹಾ ಕೊಟ್ಟು ಅಲ್ಲೇ ನಿಂತರು. ಗಂಡ ಎದ್ದು ಹೋಗಲಾರದ ಇಂಥ ಸಂದರ್ಭ ಸಂಸಾರದಲ್ಲಿ ಮತ್ತೆ ಸಿಗುವಂಥದಲ್ಲ.

"ಮಗಳ ಕಾರ ದಿನಾ ಓಡಸ್ತೇನಿ. ಇದನ್ನ ಒಮ್ಮೆರ ಯಾಕ ಕೊಡಲಿಲ್ರಿ?"

"ನಿನ್ನ ಕೈಯಾಗ ಗಾಡಿ ಹಾಳಾದೀತು ಅಂತ..." ಎಂದು ಶುರುಮಾಡಿದ ಗುರುಪುತ್ರಪ್ಪನವರು, ಸುತ್ತ ಒಮ್ಮೆ ನೋಡಿ, ಉಳಿದದ್ದನ್ನು ಚಹಾದ ಜೊತೆ ನುಂಗಿದರು.

ಸಂಜೆಗೆ ಬಾಗಿಲು ತೆರೆಯಿತು. ಬೀರೇಶ ಮತ್ತೆ ಸರಳು ಬೆಸೆದು, ಅಳತೆ ನೋಡಿ, ಹೊಸ ಪಟ್ಟಿಗಳನ್ನು ಕೂರಿಸಿ, ಕೊನೆಗೆ ಸರಳುಗಳನ್ನು ತೆಗೆದ. ಬಾಯಿ ಮುಚ್ಚಿಕೊಂಡು ಮಾಡಿದ್ದರಿಂದ ಕೆಲಸ ಚೆನ್ನಾಯಿತು.

ಕಾರು ಒಯ್ಯಲು ಬಂದ ದಿನ ಗುರುಪುತ್ರಪ್ಪನವರು ಬೀಗದ ಕೈಯನ್ನು ಹೆಂಡತಿಯ ಕೈಗಿಟ್ಟು, ಯಾರೂ ನೋಡಲಿಲ್ಲವೆಂದು ಖಚಿತಪಡಿಸಿಕೊಂಡು, ಬಾಜು ಸೀಟಿನಲ್ಲಿ ಕುಳಿತರು. ಗಂಗಾದೇವಿ ಕಾರನ್ನು ಕಣಕುಂಬಿಯ ಘಟ್ಟದ ಕಡೆ ತಿರುಗಿಸಿದರು.

"ಬೆಳಗಾಂವಿ ಆ ಕಡೆ ಐತಿ," ಎಂದರು ಗುರುಪುತ್ರಪ್ಪನವರು.

"ಗೊತ್ತೈತ್ರಿ. ಸುಮ್ಮನ ಕುಂದರ್ರಿ."