ಬೋರಲು ಮಲಗಿದವರು

"ತಲೆ ತಗ್ಸ್ರೋ ಹಂದಿ ನನ್ಮಕ್ಕಳಾ! ಯಾವನ್ಲಾ ಅವ್ನು, ಕುಂಡಿ ಎತ್ಕಂಡು ಮಲ್ಗಿರೋನು? ನಿನ್ ಕುಂಡೀಲಿ ಗಾಳಿ ಹಿಡಿಯಕ್ಕೆ ಕರ್ಕಂಡ್ ಬಂದಿಲ್ಲ ಇಲ್ಲಿಗೆ!"

ಕ್ಯಾಪ್ಟನ್ ಕ್ರಂಪ್‌ನ ಬೂಟು ಎಬೆನ್‌ನ ಪಕ್ಕೆಗೆ ಬಿತ್ತು. ಎಬೆನ್ ಕೆನ್ನೆಯನ್ನು ಇನ್ನಷ್ಟು ಹಲಗೆಗೆ ಒತ್ತಿದ. ಹಾಯಿಹಡಗುಗಳ ಪಂದ್ಯ ನಡೆಯುವಷ್ಟು ಹೊತ್ತೂ 'ಸೆರಾಫಿನಾ'ದ ಇಪ್ಪತ್ತೆರಡು ಆಳುಗಳು ಗಾಳಿ ಬರುವ ಕಡೆಯ ಅಂಚಿನಲ್ಲಿ ಸಾಲಾಗಿ ಬೋರಲು ಮಲಗಬೇಕು. ಹಡಗು ವಾಲದಂತೆ ಮೈಭಾರ ಕೊಡಬೇಕು, ಗಾಳಿಗೆ ಅಡ್ಡ ಬರಬಾರದು. ಅದಕ್ಕಿಂತ ಮುಖ್ಯವಾಗಿ, ಬೆತ್ತದ ಕುರ್ಚಿಗಳಲ್ಲಿ ಕುಳಿತ ಅತಿಥಿಗಳ ಕಣ್ಣಿಗೆ ಅಡ್ಡ ಬರಬಾರದು. ಕರೆದಾಗ ಎದ್ದು ಹಗ್ಗ ಎಳೆಯಬೇಕು, ಮತ್ತೆ ಬಿದ್ದುಕೊಳ್ಳಬೇಕು. ಎಬೆನ್ ಹದಿನಾರು ಬೇಸಿಗೆ ಹೀಗೆ ಮಲಗಿದ್ದಾನೆ. ದೇಶದ ದೊಡ್ಡ ದೊಡ್ಡ ಪಂದ್ಯಗಳಲ್ಲಿ ಅವನು ಕಂಡದ್ದು ಮೂಗಿನ ಕೆಳಗಿನ ಹಲಗೆಯ ಸಂದುಗಳನ್ನು ಮಾತ್ರ.

ಚುಕ್ಕಾಣಿಯ ಚಕ್ರ ಹಿಡಿದು ನಿಂತವರು ಹಡಗಿನ ಒಡೆಯರಾದ ಲಾರ್ಡ್ ಹ್ಯಾವರ್ಲಿ ಪ್ರಭುಗಳು. ಅವರ ಮಗ್ಗುಲಲ್ಲಿ ನಿಂತು ಆಳುಗಳನ್ನು ಒದೆಯುವ ಕೆಲಸ ಕ್ರಂಪ್‌ನದು. ಕ್ರಂಪ್ ಈ ಆಳುಗಳದೇ ಊರಿನವನು. ಚಳಿಗಾಲದಲ್ಲಿ ಇವರ ಜೊತೆಯಲ್ಲೇ ಥಾರ್ನ್‌ಫ್ಲೀಟಿನ ಕೆಸರಿನಲ್ಲಿ ಸಿಂಪಿ ಬಾಚಿ ಬೆಳೆದವನು. ಚಿನ್ನದ ಬಣ್ಣದ ಗುಂಡಿಯ ಕೋಟು ಮೈಮೇಲೆ ಬಂದದ್ದೇ ಬಂತು, ಅವನ ಬಾಯಿ ಕೆಟ್ಟಿತು.

"ಭಾವ," ಎಂದು ಪಕ್ಕದಲ್ಲಿ ಮಲಗಿದ್ದ ಜೆಬ್ ಪಿಸುಗುಟ್ಟಿದ. ಜೆಬ್ ಎಬೆನ್‌ನ ತಂಗಿ ಹ್ಯಾನಾಳ ಗಂಡ. "ಎದ್ರೂ ಒದೀತಾನೆ, ಮಲ್ಗಿದ್ರೂ ಒದೀತಾನೆ. ಆ ಬೂಟಿಗೆ ನಿನ್ ಪಕ್ಕೆ ಮ್ಯಾಲೆ ಅದೆಂಥಾ ಪ್ರೀತಿನೋ!"

ಎಬೆನ್‌ಗೆ ನಗು ತಡೆಯುವುದು ಕಷ್ಟವಾಯಿತು.

"ಜೆಬ್! ಮುಂದಲ ಹಾಯಿ ಸಿಕ್ಕಂಡದೆ, ಬಿಡ್ಸೋಗ್ಲಾ!"

ಜೆಬ್ ಎದ್ದು ಓಡಿದ. ಹಡಗಿನ ಮೂತಿಯಿಂದ ಸಮುದ್ರದ ಮೇಲಕ್ಕೆ ಚಾಚಿದ ಉದ್ದನೆಯ ಮರದ ತುದಿಗೆ ಹೋಗಿ ಹಾಯಿ ಬಿಡಿಸಬೇಕಿತ್ತು. ಹಡಗು ಒಮ್ಮೆ ಮುಗ್ಗರಿಸಿ ಅಲೆಯೊಳಗೆ ಮೂತಿ ಇಟ್ಟಿತು. ಹಲಗೆ ನೋಡುತ್ತ ಮಲಗಿದ್ದ ಎಬೆನ್‌ಗೆ ಒಂದು ಕೂಗು ಕೇಳಿಸಿತು.

"ಭಾವಾ!"

ಎಬೆನ್ ತಲೆ ಎತ್ತಿದ. ನೀರಿನಲ್ಲಿ ಜೆಬ್‌ನ ಮುಖ, ನೀಲಿ ಜರ್ಸಿಯ ಎದೆಯ ಮೇಲೆ ಕೆಂಪು ನೂಲಿನಲ್ಲಿ ಹೊಲಿದ 'ಸೆರಾಫಿನಾ', ಮೇಲೆತ್ತಿದ ಒಂದು ಕೈ, ಎಲ್ಲವೂ ಹಡಗಿನ ಪಕ್ಕದಲ್ಲೇ ಹಾದು ಹಿಂದಕ್ಕೆ ಹೋದವು. ಥಾರ್ನ್‌ಫ್ಲೀಟಿನಲ್ಲಿ ಯಾರೂ ಈಜು ಕಲಿಯುವುದಿಲ್ಲ. ಕಲಿತವನು ನಿಧಾನವಾಗಿ ಸಾಯುತ್ತಾನೆ ಅಷ್ಟೆ ಎಂಬುದು ಅವರ ಲೆಕ್ಕ.

"ಆಳು ಬಿದ್ದ! ಕ್ರಂಪಾ, ತಿರುಗ್ಸ್ಲಾ ಹಡಗ!" ಎಂದು ಎಬೆನ್ ಕೂಗಿದ.

ಕ್ರಂಪ್ ಪ್ರಭುಗಳ ಮುಖ ನೋಡಿದ. ಪ್ರಭುಗಳು ಹಿಂದಕ್ಕೆ ನೋಡಲೇ ಇಲ್ಲ.

"ಹಿಂದೆ ಬರುವ ಹಡಗಿನವರು ಎತ್ತಿಕೊಳ್ಳುತ್ತಾರೆ. ನಾವು ಇನ್ನೂರು ಗಜ ಮುಂದಿದ್ದೇವೆ, ಕ್ಯಾಪ್ಟನ್. ಇವನನ್ನು ಮಲಗಿಸು."

ಬೆತ್ತದ ಕುರ್ಚಿಯಿಂದ ಒಬ್ಬಾಕೆ ಅರ್ಧ ಎದ್ದು, ಟೋಪಿ ಸರಿಮಾಡಿಕೊಂಡು ಮತ್ತೆ ಕುಳಿತಳು. ಬೂಟು ಬಿತ್ತು. ಎಬೆನ್ ಮಲಗಿದ. ಹಾಗೆ ಮಲಗಿದ್ದನ್ನು ಅವನು ಮುಂದೆ ಯಾರಿಂದಲೂ ಮುಚ್ಚಿಡಲಿಲ್ಲ.

ಗೆದ್ದವರಿಗಾಗಿ ಫಿರಂಗಿ ಹಾರಿತು. ಹಿಂದಿನ ಹಡಗಿನವರು ಯಾರನ್ನೂ ಎತ್ತಿಕೊಂಡಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸಮುದ್ರ ಜೆಬ್‌ನನ್ನು ಕಲ್ಲುಹರಳಿನ ದಂಡೆಗೆ ತಂದು ಹಾಕಿತು. ಎಬೆನ್ ಹೆಣದ ಪಕ್ಕ ಕುಳಿತಿದ್ದಾಗ ಪ್ರಭುಗಳ ಪಾರುಪತ್ತೆಗಾರ ಪೆಲ್ಹಮ್ ಬಂದ. ಕೈಯಲ್ಲಿ ಹೆಂಗಸರ ಹೊಲಿಗೆ ಕತ್ತರಿ ಇತ್ತು.

"ಪ್ರಭುಗಳಿಗೆ ಬಹಳ ದುಃಖವಾಗಿದೆ. ಎದೆಯ ಮೇಲಿನ ಹೆಸರನ್ನು ಬಿಚ್ಚಿಬಿಡಪ್ಪ. ಅವನು ನಮ್ಮ ಆಳಾಗಿ ಬೇಡ, ಹ್ಯಾನಾಳ ಗಂಡನಾಗಿ ಮಣ್ಣಿಗೆ ಹೋಗಲಿ ಅಂತ ಅವರ ಇಚ್ಛೆ."

ಎಬೆನ್‌ಗೆ ಮಾತು ಹಿಡಿಸಿತು. ಒಡೆಯರ ಹೆಸರು ಹೊತ್ತ ಬಟ್ಟೆಯಲ್ಲಿ ಥಾರ್ನ್‌ಫ್ಲೀಟಿನ ಯಾವ ಗಂಡಸನ್ನೂ ಹೂಳುವುದಿಲ್ಲ; ಬೇಸಿಗೆ ಒಡೆಯರದು, ಮಣ್ಣು ತಮ್ಮದು ಎನ್ನುವ ಜನ ಅವರು. ಪ್ರಭುಗಳಿಗೆ ಇಷ್ಟು ತಿಳಿದಿದೆಯಲ್ಲ ಎಂದು ಕಣ್ಣು ತುಂಬಿ, ಎಬೆನ್ ಆ ಕತ್ತರಿ ತೆಗೆದುಕೊಂಡು ಒದ್ದೆ ಉಣ್ಣೆಯಿಂದ ಕೆಂಪು ನೂಲನ್ನು ಎಳೆ ಎಳೆಯಾಗಿ ಬಿಚ್ಚಿ, ನೂಲನ್ನೂ ಕತ್ತರಿಯನ್ನೂ ಜೇಬಿಗೆ ಹಾಕಿಕೊಂಡ. ಪೆಲ್ಹಮ್‌ಗೆ ಕೈ ಕೂಡ ಮುಗಿದ.

ಆ ಮಧ್ಯಾಹ್ನವೇ ಬಂದರಿನ ಹೆಂಡದಂಗಡಿಯ ಮಹಡಿಯಲ್ಲಿ ಸಾವಿನ ವಿಚಾರಣೆ ನಡೆಯಿತು.

"ಪಂದ್ಯದ ದಿನ ಬೆಳಿಗ್ಗೆಯೇ ಈತನನ್ನು ಕುಡಿತಕ್ಕಾಗಿ ಕೆಲಸದಿಂದ ತೆಗೆದಿದ್ದೆವು," ಎಂದ ಪೆಲ್ಹಮ್. "ಕಟ್ಟೆಯಿಂದ ಜಾರಿ ಬಿದ್ದಿರಬೇಕು. ಜರ್ಸಿ ನೋಡಿ. ನಮ್ಮ ಹಡಗಿನ ಹೆಸರಿದೆಯೇ?"

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ತಿರುಗಿ ಕ್ರಂಪ್‌ನನ್ನು ನೋಡಿದ. ಕ್ರಂಪ್ ತನ್ನ ಗುಂಡಿಗಳನ್ನು ನೋಡಿಕೊಂಡು, "ಹೌದು ಬುದ್ದಿ, ಅವ್ನು ಅವತ್ತು ಹಡಗಲ್ಲಿರ್ನಿಲ್ಲ," ಎಂದ.

"ಸುಳ್ಳು!" ಎಬೆನ್ ಎದ್ದ. "ನನ್ ಮಗ್ಗುಲಲ್ಲೇ ಮಲ್ಗಿದ್ದ ಸ್ವಾಮಿ! ಆ ಹೆಸ್ರು ಬಿಚ್ಚಿದ್ದು ನಾನು, ಇವ್ರೇ ಬಿಚ್ಚು ಅಂದ್ರು!"

"ಅವನು ಹಡಗಿನಿಂದ ಬೀಳುವುದನ್ನು ನೀನು ಕಂಡೆಯಾ?"

"ಬೋರ್ಲು ಮಲ್ಗಿದ್ದೆ ಸ್ವಾಮಿ. ತಲೆ ಎತ್ತಿದ್ಮ್ಯಾಕೆ ನೋಡ್ದೆ, ನೀರಲ್ಲಿದ್ದ."

"ತಲೆ ಎತ್ತಲು ನಿನಗೆ ಅಪ್ಪಣೆ ಇತ್ತೇ?"

ಉಳಿದ ಇಪ್ಪತ್ತು ಮಂದಿಯನ್ನೂ ಒಬ್ಬೊಬ್ಬರಾಗಿ ಕೇಳಿದರು. ಬೋರಲು ಮಲಗಿದ್ದೆ ಸ್ವಾಮಿ. ಬೋರಲು ಮಲಗಿದ್ದೆ. ಎಲ್ಲರೂ ಹೇಳಿದ್ದು ನಿಜವನ್ನೇ. ಬೆತ್ತದ ಕುರ್ಚಿಯಲ್ಲಿ ಕುಳಿತು ಎಲ್ಲ ಕಂಡವರನ್ನು ಯಾರೂ ಕರೆಸಲಿಲ್ಲ. ಕುಡಿದು ಬಿದ್ದು ಸತ್ತ ಎಂದು ಬರೆದು, ಅಧಿಕಾರಿ ಊಟಕ್ಕೆ ಇಳಿದು ಹೋದ.

ರೈಲು ಹಿಡಿದು ಬಂದಿದ್ದ ಹ್ಯಾನಾ ಹೊರಗೆ ಮೀನಿನ ಬುಟ್ಟಿಗಳ ಮೇಲೆ ಕುಳಿತಿದ್ದಳು.

"ಕುಡುಕ ಅಂತ ಬರದ್ರಾ? ದೇವ್ರ ಮನೇಲಿ ನಿಂತು ಆಣೆ ಇಟ್ಟಿದ್ದ ಕಣಣ್ಣ. ಹತ್ತೊರ್ಸ ಒಂದ್ ತೊಟ್ಟು ಮುಟ್ನಿಲ್ಲ." ಅವಳು ತಲೆ ಎತ್ತಿದಳು. "ಎದೆ ಮ್ಯಾಗಲ ಹೆಸ್ರು ಯಾರು ಬಿಚ್ಚಿದ್ದು?"

"ನಾನೇ ಕಣವ್ವ. ನನ್ ಕೈಗಿಷ್ಟು ಬೆಂಕಿ ಹಾಕ." ಎಬೆನ್ ಜೇಬಿನಿಂದ ಕೆಂಪು ನೂಲಿನ ಗಂಟನ್ನೂ ಕತ್ತರಿಯನ್ನೂ ತೆಗೆದು ಅವಳ ಮುಂದೆ ಹಿಡಿದ.

ಹ್ಯಾನಾ ನೂಲನ್ನು ತೆಗೆದುಕೊಂಡಳು. ಕತ್ತರಿಯನ್ನು ಅವನ ಕೈಗೇ ತಳ್ಳಿದಳು.

"ಅವ್ನು ಆ ಹಡಗಿನೋನಲ್ಲ ಅಂದ್ಮೇಲೆ ನೀವು ಹೆಂಗ್ ಆಯ್ತೀರಾ? ಎಲ್ಲಾರ್ದೂ ಬಿಚ್ಚು."

ಹಡಗಿನ ಮುಂಭಾಗದಲ್ಲಿ ಆಳುಗಳು ಇರುವ ಗೂಡಿನಲ್ಲಿ ಒಂದೇ ಕತ್ತರಿ ಕೈಯಿಂದ ಕೈಗೆ ಹೋಯಿತು. ಮುದುಕ ಜೋಸಾಯಾ ಮಾತ್ರ ತಡೆದು ಕುಳಿತ. "ಇನ್ ಮ್ಯಾಲೆ ಯಾವ ದೊರೆನೂ ನಮ್ಮೂರೋರ್ನ ಹತ್ರಕ್ಕೆ ಸೇರ್ಸಲ್ಲ ಕಣ್ಲಾ. ಗೊತ್ತಾ?"

"ಗೊತ್ತು," ಎಂದ ಎಬೆನ್. "ಕೆಸ್ರು ಅದೆ, ಸಿಂಪಿ ಅವೆ. ಅವೇನು ಒದೆಯಲ್ಲ."

ಮುದುಕ ಕತ್ತರಿಗೆ ಕೈ ಚಾಚಿದ.

ಶನಿವಾರ ಕೊನೆಯ ಪಂದ್ಯ, ಗೆದ್ದವರಿಗೆ ದೊಡ್ಡ ಬಟ್ಟಲು ಕೊಡುವ ಪಂದ್ಯ. ಆಳುಗಳು ಮೇಲಂಗಿ ತೊಟ್ಟು ಬಂದರು. ಅದನ್ನು ಕಳಚಿ ಎಂದಿನಂತೆ ಸಾಲಾಗಿ ಮಲಗಿದರು. ಎಬೆನ್‌ನ ಪಕ್ಕದಲ್ಲಿ ಒಬ್ಬನ ಜಾಗ ಖಾಲಿ ಬಿಟ್ಟಿದ್ದರು. ಬೋರಲು ಮಲಗಿದವರ ಎದೆಯನ್ನು ಯಾರು ನೋಡುತ್ತಾರೆ? ಕ್ರಂಪ್ ಕೂಡ ನೋಡಲಿಲ್ಲ. 'ಸೆರಾಫಿನಾ' ಎಲ್ಲರನ್ನೂ ಹಿಂದಿಕ್ಕಿ, ಪಂದ್ಯ ನಡೆಸುವ ಕ್ಲಬ್ಬಿನ ಹುಲ್ಲುಹಾಸು ಕಾಣುವಷ್ಟು ಹತ್ತಿರ ಬಂತು. ಬಿಳಿ ಕೊಡೆಗಳು, ದುರ್ಬೀನುಗಳು, ಫಿರಂಗಿಯ ಬಳಿ ಬಾಗಿ ನಿಂತ ಆಳು. ಗುರಿಗೆ ಐವತ್ತು ಗಜ.

"ಏಳ್ರಲಾ," ಎಂದ ಎಬೆನ್.

ಇಪ್ಪತ್ತೊಂದು ಜನರೂ ಎದ್ದು ನಿಂತರು. ಎಬೆನ್ ದೊಡ್ಡ ಹಾಯಿಯ ಹಗ್ಗವನ್ನು ಗೂಟದಿಂದ ಬಿಚ್ಚಿ ಕೈಬಿಟ್ಟ. ಹಾಯಿ ಹೊರಕ್ಕೆ ಚಿಮ್ಮಿ ಪಟಪಟನೆ ಬಡಿದುಕೊಳ್ಳತೊಡಗಿತು. ಮುಂದಿನ ಹಾಯಿಗಳ ಹಗ್ಗಗಳನ್ನೂ ಉಳಿದವರು ಬಿಟ್ಟರು. ವಾಲಿದ್ದ ಹಡಗು ನೆಟ್ಟಗಾಗಿ, ತೂಗಾಡುತ್ತ ನಿಧಾನಿಸಿ, ಗುರಿಯ ಈಚೆಗೇ ನಿಂತುಬಿಟ್ಟಿತು.

"ಹಗ್ಗ ಎಳೀರೋ ಬೇವಾರ್ಸಿಗಳಾ! ಮಲ್ಕಳ್ರೋ!" ಕ್ರಂಪ್ ಬೂಟು ಎತ್ತಿದ. ನಿಂತವರ ಪಕ್ಕೆ ಎತ್ತರದಲ್ಲಿತ್ತು. ಅವನ ಕಾಲು ಹಾಗೇ ಕೆಳಕ್ಕೆ ಬಂತು.

ಬೆತ್ತದ ಕುರ್ಚಿಯವಳು, ಆವತ್ತು ಅರ್ಧ ಎದ್ದು ಕುಳಿತವಳೇ, ಖಾಲಿ ನೀಲಿ ಎದೆಗಳ ಸಾಲನ್ನು ಕಂಡು ಬೆರಗಾದಳು. "ಅಬ್ಬಾ, ಇಷ್ಟೊಂದು ಜನ ಇದ್ದರೇ ಇಲ್ಲಿ?"

"ಇನ್ನೊಬ್ಬ ಇದ್ದ ತಾಯಿ," ಎಬೆನ್ ಪಕ್ಕದ ಖಾಲಿ ಜಾಗವನ್ನು ತೋರಿಸಿದ. "ನೀವು ನೋಡಿದ್ರಿ."

ಅವಳು ಮುಖ ತಿರುಗಿಸಿದಳು. ಎರಡನೆಯ ಹಡಗು ಪಕ್ಕದಲ್ಲೇ ಹಾದು ಹೋಯಿತು; ಅದರ ಅಂಚಿನಲ್ಲಿ ಬೋರಲು ಮಲಗಿದ್ದವರಲ್ಲಿ ಒಂದಿಬ್ಬರು ತಲೆ ಎತ್ತಿ ಇವರನ್ನು ನೋಡಿದರು. ಫಿರಂಗಿ ಅವರಿಗಾಗಿ ಹಾರಿತು. ಹದಿನಾರು ಬೇಸಿಗೆಗಳಲ್ಲಿ ಎಬೆನ್ ಒಂದು ಪಂದ್ಯವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

"ಮಲಗಿ!" ತಾನೇ ತಿರುಗುತ್ತಿದ್ದ ಚಕ್ರವನ್ನು ಹಿಡಿಯಲು ಒದ್ದಾಡುತ್ತ ಹ್ಯಾವರ್ಲಿ ಕಿರುಚಿದ. "ಮಲಗಿ ಅಂದರೆ ಮಲಗಿ!"

ಯಾರೂ ಮಲಗಲಿಲ್ಲ.