ಅಂಕಯ್ಯ ಹೇಳಿದ ಇಳಿಜಾರಿನ ಮಾತು

ಜನ ತನ್ನನ್ನು ನೋಡಿ ಯಾಕೆ ನಗುತ್ತಿದ್ದಾರೆ ಅನ್ನುವುದು ಕೊಪ್ಪದ ಅಂಕಯ್ಯನಿಗೆ ಮೊದಲ ನಾಲ್ಕೈದು ದಿನ ತಿಳಿಯಲಿಲ್ಲ. ಆಮೇಲೂ ತಿಳಿಯಲಿಲ್ಲ.

ಡೈರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿ ಹಿಂದೆ ನಿಂತ ಪಡ್ಡೆ ಹುಡುಗರು "ಇಳಿಜಾರಲ್ಲಿ ಎಲ್ಲಾ ಉಲ್ಟಾ ಕಣವ್ವ!" ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಮುಸಿಮುಸಿ ನಗುತ್ತಿದ್ದರು. ಮದ್ದೂರಿನ ಔಷಧಿ ಅಂಗಡಿಯವನು ಗುಳಿಗೆ ಕೊಡುತ್ತಾ ಅದೇ ಮಾತು ಅಂದ. ಅದು ಅಂಕಯ್ಯನದೇ ಮಾತು. ಅಂದಿದ್ದೂ ನಿಜ, ಮಾತೂ ನಿಜ. ಹಾಗಿದ್ದ ಮೇಲೆ ನಗುವುದಕ್ಕೆ ಅದರಲ್ಲಿ ಏನಿದೆ?

ಇದೆಲ್ಲ ಶುರುವಾಗಿದ್ದು ತಮ್ಮನ ಮಗಳು ಚಂದನಳಿಂದ. ಮಂಡ್ಯದಲ್ಲಿ ಡಿಪ್ಲೊಮಾ ಓದಿ ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಗೆ ಸೇರಿದ್ದ ಹುಡುಗಿ, ರಜೆ ಬಂತೆಂದರೆ ಮನೆಯಲ್ಲಿ ಕೆಟ್ಟು ಕೂತ ಸಾಮಾನುಗಳನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದಳು. ಹಳೇ ಟೇಪ್ ರೆಕಾರ್ಡರಿನ ಗುಂಡಿಗಳಿಗೆ ವೈರು ಎಳೆದು ಅದರಲ್ಲಿ ಕಂಪ್ಯೂಟರ್ ಆಟ ಆಡುತ್ತಿದ್ದಳು. ಒಂದು ಭಾನುವಾರ ಅವಳ ಕಣ್ಣು ಹುಲ್ಲುಮೆದೆಯ ಪಕ್ಕ ಬಿದ್ದಿದ್ದ ಪವರ್ ಟಿಲ್ಲರಿನ ಮೇಲೆ ಹೋಯಿತು. ಇಪ್ಪತ್ತಾರು ವರ್ಷ ಅಂಕಯ್ಯ ಗದ್ದೆ ಉತ್ತಿದ್ದು ಅದರಲ್ಲೇ. ಈಗ ಉಳುವುದಕ್ಕೆ ಬಾಡಿಗೆ ಟ್ರ್ಯಾಕ್ಟರು ಬರುತ್ತಿತ್ತು. ಟಿಲ್ಲರಿನ ಎಂಜಿನ್ನು ಗುಜರಿಗೆ ಹೋಗಿ, ಹ್ಯಾಂಡಲ್ಲು ಮಾತ್ರ ಎರಡು ಕೊಂಬಿನ ಹಾಗೆ ಉಳಿದುಕೊಂಡಿತ್ತು.

"ದೊಡ್ಡಪ್ಪ, ಈ ಹ್ಯಾಂಡಲ್ ನಂಗ್ ಕೊಡ್ತೀಯಾ?"

"ತಕ್ಕೋ ಮಗ. ಏನ್ ಮಾಡೀಯೆ?"

ಎರಡು ವಾರದಲ್ಲಿ ಅವಳು ಗಾಡಿ ತಿರುಗಿಸಲು ಎರಡೂ ಕಡೆ ಇರುವ ಕ್ಲಚ್ಚಿನ ಕೆಳಗೆ ಸ್ವಿಚ್ಚು ಕೂರಿಸಿ, ಕಂಪ್ಯೂಟರಿಗೆ ಸೇರಿಸಿ, ಘಾಟಿ ರಸ್ತೆಯಲ್ಲಿ ಲಾರಿ ಓಡಿಸುವ ಆಟವೊಂದನ್ನು ತಂದು ದೊಡ್ಡಪ್ಪನ ಮುಂದಿಟ್ಟಳು. ಅಂಕಯ್ಯ ಪಂಚೆ ಎತ್ತಿ ಕಟ್ಟಿಕೊಂಡು ನಿಂತ. ಸಮ ರಸ್ತೆಯಲ್ಲಿ ಲಾರಿ ಅವನು ಹೇಳಿದ ಹಾಗೆ ಕೇಳಿತು. ಎಡ ಹಿಡಿದರೆ ಎಡಕ್ಕೆ, ಬಲ ಹಿಡಿದರೆ ಬಲಕ್ಕೆ. ಘಾಟಿ ಇಳಿಯತೊಡಗಿದ್ದೇ ತಡ, ಪ್ರಪಾತಕ್ಕೆ ಉರುಳಿತು. ಮೂರು ಸಲ ಹತ್ತಿಸಿದ, ಮೂರು ಸಲವೂ ಉರುಳಿತು. ಅಂಕಯ್ಯನಿಗೆ ರೇಗಿಹೋಯಿತು.

"ನಿನ್ ಲಾರಿ ಸರಿಯಿಲ್ಲ. ಇಳಿಜಾರಲ್ಲಿ ಎಲ್ಲಾ ಉಲ್ಟಾ ಕಣವ್ವ! ಎಡಕ್ಕೆ ಓಗ್ಬೇಕಂದ್ರೆ ಬಲ ಇಡೀಬೇಕು. ಅಷ್ಟೂ ತಿಳೀದೆ ಅದ್ಯಾವನ್ಲಾ ಈ ಆಟ ಮಾಡ್ದೋನು?"

ಚಂದನ ಅದನ್ನು ಫೋನಿನಲ್ಲಿ ಹಿಡಿದು, ಸಂಜೆಯೇ ನೆಟ್ಟಿಗೆ ಹಾಕಿದಳು. ಆಮೇಲೆ ಯಾರು ಯಾರೋ ಆ ದನಿಯನ್ನು ಕತ್ತರಿಸಿ ತಮಗೆ ಬೇಕಾದ ಕಡೆ ಅಂಟಿಸಿಕೊಂಡರು. ಚೆನ್ನಾಗಿ ಆಡುತ್ತಿದ್ದ ಕ್ರಿಕೆಟ್ ತಂಡ ದಿಢೀರನೆ ಸೋಲತೊಡಗಿದರೆ ಅಂಕಯ್ಯನ ದನಿ. ಮದುಮಗ ಛತ್ರದ ಮೆಟ್ಟಿಲಿಳಿಯುತ್ತಾ ಮುಗ್ಗರಿಸಿದರೆ ಅಂಕಯ್ಯನ ದನಿ. ಯಾರದೋ ಮನೆಯ ಬೆಕ್ಕು ಸೋಫಾದಿಂದ ಜಾರಿದರೂ ಅದೇ.

ಚಂದನ ಒಂದೊಂದಾಗಿ ತೋರಿಸಿದಾಗ ಅಂಕಯ್ಯ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಪಾಠದ ಹಾಗೆ ನೋಡಿದ.

"ಇದ್ರಲ್ಲಿ ನಗೋದೇನೈತೆ?"

"ಅದು... ನೀನು ಅಷ್ಟು ಸೀರಿಯಸ್ಸಾಗಿ ಹೇಳ್ತೀಯಲ್ಲ ದೊಡ್ಡಪ್ಪ, ಅದಕ್ಕೆ."

"ಸೀರಿಯಸ್ಸಾಗಿ ಏಳ್ದೆ ಇನ್ನೆಂಗೇಳ್ಲಿ? ಟಿಲ್ಲರ್ ಮಗುಚ್ಕೊಂಡ್ರೆ ಪ್ರಾಣ ಓಯ್ತದೆ."

ಚಂದನ ಬಾಯಿ ಮುಚ್ಚಿಕೊಂಡು ನಕ್ಕಳು.

"ಈಗ್ಯಾಕೆ ನಕ್ಕೆ?"

"ಈಗ್ಲೂ ಅದಕ್ಕೇ."

ಒಂದು ದಿನ ಮೈಸೂರಿನಿಂದ ಮೂವರು ಹುಡುಗರು ಬೈಕಿನಲ್ಲಿ ಮನೆ ಹುಡುಕಿಕೊಂಡು ಬಂದರು. ಇವರ ಮನೆಯಲ್ಲೂ ಟಿಲ್ಲರ್ ಇರಬೇಕು, ಕೇಳಿ ತಿಳಿದುಕೊಳ್ಳಲು ಬಂದಿದ್ದಾರೆ ಅಂದುಕೊಂಡ ಅಂಕಯ್ಯ ಮಜ್ಜಿಗೆ ಕೊಡಿಸಿ, "ನಿಮ್ದು ಯಾವ್ ಕಂಪನಿದು?" ಅಂತ ಕೇಳಿದ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾಚಿಕೆ ಪಡುತ್ತಿದ್ದಾರೆ ಅಂತ ತಿಳಿದು ಅವನು ಅವರನ್ನು ಕಾಲುವೆ ಏರಿಯವರೆಗೆ ನಡೆಸಿಕೊಂಡು ಹೋಗಿ, ಕೋಲು ಹಿಡಿದು, ಇಳಿಯುವಾಗ ಯಾವ ಕೈ ಬಿಗಿಯಬೇಕು ಅನ್ನುವುದನ್ನು ತೋರಿಸಿದ. ಅವರು ಅದನ್ನೂ ಫೋನಿನಲ್ಲಿ ಹಿಡಿದುಕೊಂಡರು. ಹೋಗುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

ಅವನ ತಲೆ ಕೆಟ್ಟಿದ್ದು ಆಗಲೇ. ಇದು ಅವಮಾನ ಅನ್ನೋಣವೆಂದರೆ ಬಂದವರು ಕೈ ಮುಗಿಯುತ್ತಿದ್ದರು. ಮರ್ಯಾದೆ ಅನ್ನೋಣವೆಂದರೆ ಕೈ ಮುಗಿಯುತ್ತಲೇ ನಗುತ್ತಿದ್ದರು. ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯ ಮುಂದೆ ಆ ಮಾತನ್ನು ಮೆಲ್ಲಗೆ ಅಂದು ನೋಡಿದ. ನಗು ಬರಲಿಲ್ಲ. ಜೋರಾಗಿ ಅಂದ. ಒಳಗಿನಿಂದ ಹೆಂಡತಿ ದೇವಿರಮ್ಮ, "ಅದೇನ್ ಒಬ್ಬೊಬ್ನೇ ಮಾತಾಡ್ಕತೀಯ? ನಾಕ್ ಜನ ನಕ್ರೆ ನಿನ್ ಗಂಟೇನ್ ಓಯ್ತು, ಬುಡು" ಅಂದಳು. ಬಿಡಲು ಆಗಲಿಲ್ಲ. ಡೈರಿಗೆ ಹಾಲು ಹಾಕುವ ಕೆಲಸವನ್ನು ಅವಳಿಗೇ ವಹಿಸಿ ಮನೆಯಲ್ಲಿ ಕೂತ.

ಹದಿನೈದು ದಿನ ಕಳೆದಿರಬೇಕು. ಮಂಡ್ಯದ ಒಂದು ಸಭಾಂಗಣದಲ್ಲಿ ಚಂದನಳ ಹಾಗೆ ಚಿತ್ರವಿಚಿತ್ರ ಆಟದ ಹಿಡಿಕೆ ಮಾಡುವವರೆಲ್ಲ ಸೇರುತ್ತಾರೆ ಅಂತ ಸುದ್ದಿ ಬಂತು. "ನೀನೂ ಬಾ ದೊಡ್ಡಪ್ಪ. ಆಟಾನ ನೀನು ಹೇಳ್ದಂಗೇ ಬದಲಾಯಿಸಿದ್ದೀನಿ. ಈಗ ಇಳಿಜಾರಲ್ಲಿ ಉಲ್ಟಾ" ಅಂದಳು. ತನ್ನ ಮಾತಿಗೆ ಬೆಲೆ ಬಂತಲ್ಲ ಅಂತ ಅಂಕಯ್ಯ ಒಗೆದ ಅಂಗಿ ತೊಟ್ಟು ಹೊರಟ.

ಸಭಾಂಗಣದ ತುಂಬ ಮೇಜುಗಳು. ಒಂದರ ಮೇಲೆ ತೆಂಗಿನ ಕರಟಗಳನ್ನು ತಟ್ಟಿ ಆಡುವ ಆಟ. ಇನ್ನೊಂದರಲ್ಲಿ ಬೆರಳು ಹಾಕಿ ತಿರುಗಿಸುವ ಹಳೇ ಫೋನು. ಅದನ್ನು ತಿರುಗಿಸಿದರೆ ಪರದೆಯ ಮೇಲೆ ಹಾವು ತಿರುಗುತ್ತಿತ್ತು. ಚಂದನ ಟಿಲ್ಲರಿನ ಹ್ಯಾಂಡಲ್ ಹೂಡಿದ ಮೇಜಿನ ಪಕ್ಕದ ಮೇಜಿನಲ್ಲಿ ಒಂದು ಟೈಪ್‌ರೈಟರು, ಅದರ ಹಿಂದೆ ಬೆನ್ನು ನೆಟ್ಟಗೆ ಮಾಡಿ ಕೂತ ಒಬ್ಬ ವಯಸ್ಸಾದ ಹೆಂಗಸು. ಕನಕಲಕ್ಷ್ಮಿ ಅಂತ ಹೆಸರು, ಪೇಟೆ ಬೀದಿಯಲ್ಲಿ ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು. ಅವರ ಮೊಮ್ಮಗ ಅಭಿನವ್ ಟೈಪ್‌ರೈಟರಿಗೆ ವೈರು ಸೇರಿಸಿದ್ದ. ಸಾಲು ಮುಗಿದು 'ಟಿಣ್' ಅಂದಾಗಲೆಲ್ಲ ಪರದೆಯ ಗೊಂಬೆ ಹಳ್ಳ ಹಾರುತ್ತಿತ್ತು.

ಜನ ಇಬ್ಬರನ್ನೂ ಗುರುತು ಹಿಡಿದರು. ಒಬ್ಬ ಹುಡುಗ ಅಂಕಯ್ಯನ ಮುಂದೆ ನಿಂತು ಇಳಿಜಾರಿನ ಮಾತು ಅಂದ. ಮತ್ತೊಬ್ಬ ಕನಕಲಕ್ಷ್ಮಿಯವರ ಕಡೆ ತಿರುಗಿ "ಬೆನ್ನು ನೆಟ್ಟಗೆ!" ಅಂತ ಕೂಗಿದ. ಸುತ್ತ ನಿಂತವರು ಗೊಳ್ಳೆಂದರು.

ಜನ ಮುಂದೆ ಸರಿದ ಮೇಲೆ ಅಂಕಯ್ಯ ಕೇಳಿದ, "ನಿಮ್ಗೂ ಇಂಗೇನಾ ಅಮ್ಮಾ?"

"ಹೂಂ. ಆ ಗೊಂಬೆ ಗೂನು ಬೆನ್ನು ಮಾಡ್ಕೊಂಡು ಓಡ್ತಿತ್ತು. ಬೆನ್ನು ನೆಟ್ಟಗೆ ಮಾಡು ಅಂದೆ. ಅಭಿನವ್ ಅದನ್ನ ನೆಟ್ಟಿಗೆ ಹಾಕಿದ. ಮೂವತ್ತು ವರ್ಷ ಹುಡುಗರಿಗೆ ಹೇಳಿದ್ದೂ ಅದನ್ನೇ. ಆಗ ಯಾರೂ ನಗಲಿಲ್ಲ."

"ನಿಮ್ಗೇನಾದ್ರೂ ಗೊತ್ತಾಯ್ತಾ, ಯಾಕ್ ನಗ್ತಾರೆ ಅಂತ?"

"ಇಲ್ಲಪ್ಪ. ನಿಮಗೆ?"

"ಇಲ್ಲ."

ಆಮೇಲೆ ಕನಕಲಕ್ಷ್ಮಿ ಎದ್ದು ಬಂದು, ಸೆರಗು ಸಿಕ್ಕಿಸಿ, ಟಿಲ್ಲರಿನ ಹ್ಯಾಂಡಲ್ ಹಿಡಿದರು. ಸಮ ರಸ್ತೆ ದಾಟಿದರು, ಇಳಿಜಾರಿನಲ್ಲಿ ಉರುಳಿಬಿದ್ದರು. ಮತ್ತೆ ಆಡಿದರು, ಮತ್ತೆ ಬಿದ್ದರು. ಹ್ಯಾಂಡಲ್ ಬಿಡದೆ ಅಂಕಯ್ಯನ ಕಡೆ ತಿರುಗಿದರು.

"ಉಲ್ಟಾ ಅಂತೀರಲ್ಲ, ಯಾಕೆ ಉಲ್ಟಾ ಆಗತ್ತೆ?"

ಅಂಕಯ್ಯ ಅವರ ಮುಖವನ್ನೇ ನೋಡಿದ. ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.

"ಏಳ್ತೀನಿ ಕೇಳಿ ಅಮ್ಮಾ. ಸಮ ನೆಲ್ದಲ್ಲಿ ಎಡಗಡೆ ಕ್ಲಚ್ ಇಡುದ್ರೆ ಎಡಗಡೆ ಚಕ್ರಕ್ಕೆ ಎಂಜಿನ್ ಜೋರು ಓಗಾಕಿಲ್ಲ. ಬಲಗಡೆದು ತಳ್ತದೆ, ಗಾಡಿ ಎಡಕ್ಕೆ ತಿರುಗ್ತದೆ. ಇಳಿಜಾರಲ್ಲಿ ಅಂಗಲ್ಲ. ಅಲ್ಲಿ ಎಂಜಿನ್ನು ಗಾಡೀನ ತಳ್ಳಾಕಿಲ್ಲ, ಓಡದಂಗೆ ಇಡ್ಕಂಡಿರ್ತದೆ. ಆಗ ಎಡಗಡೆ ಕ್ಲಚ್ ಇಡುದ್ರೆ ಆ ಚಕ್ರ ಹಗ್ಗ ಕಿತ್ಕಂಡ ಕರುನಂಗೆ ಮುಂದಕ್ಕೋಡ್ತದೆ. ಬಲಗಡೆದು ಇಂದಕ್ಕೇ ಉಳೀತದೆ. ಗಾಡಿ ಬಲಕ್ಕೆ ತಿರುಗ್ದೆ ಇನ್ನೇನ್ ಮಾಡ್ತದೆ?"

ಕನಕಲಕ್ಷ್ಮಿ ಎರಡೂ ಅಂಗೈಗಳನ್ನು ಚಕ್ರದ ಹಾಗೆ ಮುಂದೆ ಹಿಂದೆ ಮಾಡಿ ನೋಡಿಕೊಂಡರು. "ಹೌದಲ್ವಾ" ಅಂದರು. ಮೂರನೇ ಸಲಕ್ಕೆ ಲಾರಿ ಘಾಟಿ ಇಳಿದು ಕೆಳಗಿನ ಊರು ಮುಟ್ಟಿತು. ಅವರು ನಗಲಿಲ್ಲ. ಹ್ಯಾಂಡಲ್ ಬಿಟ್ಟು, "ಒಳ್ಳೇ ಪಾಠ" ಅಂದು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಅಂಕಯ್ಯ ಧೂಳಿಲ್ಲದ ಹ್ಯಾಂಡಲನ್ನು ಟವಲಿನಿಂದ ಒರೆಸತೊಡಗಿದ. ಅದಕ್ಕೂ ಕಾರಣ ತಿಳಿಯಲಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಚಂದನ ಫೋನು ಮುಂದೆ ಹಿಡಿದಳು. ಇಬ್ಬರ ಮಾತುಕತೆ ಪೂರ್ತಿ ಅದರಲ್ಲಿತ್ತು.

"ಸಕ್ಕತ್ತಾಗಿ ಬಂದೈತೆ. ಹಾಕ್ಲಾ ದೊಡ್ಡಪ್ಪ?"

"ಆಯಮ್ಮನ್ನ ಕೇಳ್ದಾ?"

"ಇಲ್ಲ."

"ನನ್ನೂ ಕೇಳಿರ್ಲಿಲ್ಲ ಕಣವ್ವ ನೀನು."

ಅವನು ಸಿಟ್ಟಿನಿಂದ ಅಂದಿರಲಿಲ್ಲ. ಆದರೂ ಚಂದನಳ ಮುಖ ಸಣ್ಣಗಾಯಿತು. ಫೋನನ್ನು ಬ್ಯಾಗಿಗೆ ಹಾಕಿದಳು. "ತಪ್ಪಾಯ್ತು ದೊಡ್ಡಪ್ಪ. ನಾಳೆ ಫೋನ್ ಮಾಡಿ ಕೇಳ್ತೀನಿ. ಬ್ಯಾಡ ಅಂದ್ರೆ ಅಳಿಸ್ಬುಡ್ತೀನಿ" ಅಂದಳು. ಅವನು ಅವಳ ತಲೆ ಸವರಿದ.

ಬಸ್ಸಿನಲ್ಲಿ ಹ್ಯಾಂಡಲನ್ನು ಕಾಲಸಂದಿಯಲ್ಲಿ ನಿಲ್ಲಿಸಿಕೊಂಡು ಕೂತ ಅಂಕಯ್ಯನನ್ನು ಕಂಡಕ್ಟರು ನೋಡಿದ ಕೂಡಲೇ ಗುರುತು ಹಿಡಿದ. "ಅರೆ, ಇಳಿಜಾರಲ್ಲಿ ಎಲ್ಲಾ ಉಲ್ಟಾ ಕಣವ್ವ!" ಅಂತ ನಕ್ಕ.

ಬೇರೆ ದಿನವಾಗಿದ್ದರೆ ಅಂಕಯ್ಯ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ. ಇವತ್ತು ಕೇಳಿಬಿಟ್ಟ.

"ಯಾಕಪ್ಪಾ ನಗ್ತೀಯೆ? ಬೈತಾ ಇಲ್ಲ, ತಿಳ್ಕಳಾಕೆ ಕೇಳ್ತಾ ಇದೀನಿ."

ಕಂಡಕ್ಟರನ ನಗು ಅರ್ಧಕ್ಕೆ ನಿಂತಿತು. "ಅದು... ಎಲ್ರೂ ಅಂತಾರಲ್ಲ ಯಜಮಾನ್ರೇ. ನಾನೂ ಅಂದೆ."

"ಅವರ್ಯಾಕೆ ಅಂತಾರೆ?"

ಅವನು ಟಿಕೆಟ್ ಮಷಿನ್ನು ಹಿಡಿದು ಕೊಂಚ ನಿಂತ, ತಲೆ ಕೆರೆದುಕೊಂಡ, ಮುಂದಿನ ಸೀಟಿಗೆ ಹೋದ. ಗೆಜ್ಜಲಗೆರೆಯಲ್ಲಿ ಶಿಫ್ಟ್ ಮುಗಿಸಿದವರು ಹತ್ತಿ ಬಸ್ಸು ಕಿಕ್ಕಿರಿಯಿತು. ಮದ್ದೂರು ಇನ್ನೇನು ಬಂತು ಅನ್ನುವಾಗ ಕಂಡಕ್ಟರು ಜನರ ನಡುವೆ ನುಸುಳಿಕೊಂಡು ಮತ್ತೆ ಅಂಕಯ್ಯನ ಹತ್ತಿರ ಬಂದ. ಮುಖ ಗಂಭೀರವಾಗಿತ್ತು.

"ಆಗ್ಲಿಂದ ಯೋಚ್ನೆ ಮಾಡ್ದೆ ಯಜಮಾನ್ರೇ. ಯಾಕ್ ನಗ್ತೀವಿ ಅಂತ ಒಳೀಲಿಲ್ಲ."

"ಇರ್ಲಿ ಬುಡಪ್ಪ" ಅಂದ ಅಂಕಯ್ಯ. ಇಳಿಯುವವರಿಗೆ ದಾರಿಯಾಗಲೆಂದು ಹ್ಯಾಂಡಲನ್ನು ತನ್ನ ಕಡೆಗೆ ಎಳೆದುಕೊಂಡ.